ಥೆಲೋನಿಯಸ್ ಮಂಕ್ ಕಾಲು ಶತಮಾನ ಅವೇ ರಚನೆಗಳನ್ನು ನುಡಿಸಿದ್ದೇಕೆ?

ಶಿವಮೊಗ್ಗದ ಕೇಳುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕರ್ನಾಟಕ ಸಂಗೀತ ಕೇಳುತ್ತ ಬೆಳೆದವನು; ಜಾಝ್ ಕೇಳಲು ತೊಡಗಿ ಎರಡು ವರ್ಷವಾಗಿದೆಯಷ್ಟೆ. ಕಳೆದ ಆರು ತಿಂಗಳಿಂದ ಅಮೆರಿಕದ ಪಿಯಾನೊ ವಾದಕ ಹಾಗೂ ರಚನಕಾರ ಥೆಲೋನಿಯಸ್ ಮಂಕ್ ಅವರ ಧ್ವನಿಮುದ್ರಣಗಳನ್ನು ವರ್ಷಾನುಕ್ರಮವಾಗಿ ಕೇಳುತ್ತ ಬಂದಿದ್ದೇನೆ. 1947ರಲ್ಲಿ ಬ್ಲೂ ನೋಟ್ ಕಂಪನಿಗೆ ನುಡಿಸಿದ ಮೂರು ಮೂರು ನಿಮಿಷದ ತಟ್ಟೆಗಳಿಂದ ಆರಂಭಿಸಿ ಈಗ 1960ರ ದಶಕದ ಕೊಲಂಬಿಯಾ ಕಂಪನಿಯ ಆಲ್ಬಂಗಳನ್ನು ತಲುಪಿದ್ದೇನೆ. ಇಲ್ಲಿಗೆ ಬಂದ ಮೇಲೆ ಒಂದು ಸಂದೇಹ ಕಾಡತೊಡಗಿದೆ.

'ರೌಂಡ್ ಮಿಡ್‌ನೈಟ್', 'ರೂಬಿ, ಮೈ ಡಿಯರ್', 'ಎಪಿಸ್ಟ್ರೋಫಿ', 'ಮಿಸ್ಟೀರಿಯೋಸೊ', 'ಎವಿಡೆನ್ಸ್' ಇವೆಲ್ಲ 1940ರ ದಶಕ ಮುಗಿಯುವ ಮೊದಲೇ ಮುದ್ರಣಗೊಂಡಿದ್ದವು. ಹತ್ತು, ಇಪ್ಪತ್ತು ವರ್ಷಗಳಾದ ಮೇಲೂ ಅವರು ಕಚೇರಿಗಳಲ್ಲಿ ಇವನ್ನೇ ನುಡಿಸುತ್ತಾರೆ. 1962ರಲ್ಲಿ ಮುದ್ರಣವಾಗಿ ಮರುವರ್ಷ ಹೊರಬಂದ 'ಮಂಕ್ಸ್ ಡ್ರೀಮ್' ಅವರ ಆಲ್ಬಂಗಳಲ್ಲೇ ಅತಿ ಹೆಚ್ಚು ಮಾರಾಟವಾದದ್ದು. ಆದರೆ ಅದರಲ್ಲಿ ಹೊಚ್ಚ ಹೊಸದೆನ್ನಬಹುದಾದ ಅವರ ರಚನೆ 'ಬ್ರೈಟ್ ಮಿಸಿಸಿಪ್ಪಿ' ಒಂದೇ. ಆಲ್ಬಂಗೆ ಹೆಸರು ಕೊಟ್ಟ ರಚನೆಯೇ ಹತ್ತು ವರ್ಷ ಹಳೆಯದು. ಜೀವಮಾನದಲ್ಲಿ ಅವರು ಮಾಡಿದ್ದು ಸುಮಾರು ಎಪ್ಪತ್ತು ರಚನೆಗಳು, ಅವುಗಳಲ್ಲೂ ಬಹುಪಾಲು ಮೊದಲರ್ಧದಲ್ಲೇ ಮುಗಿದುಹೋದವು. ಕೊಲಂಬಿಯಾ ಕಾಲದ ಮಂಕ್ ತಮ್ಮನ್ನೇ ಪುನರಾವರ್ತಿಸುತ್ತಿದ್ದಾರೆಂದು ಆಗಿನ ವಿಮರ್ಶಕರು ಕೆಲವರು ಆಕ್ಷೇಪಿಸಿದ್ದೂ ಉಂಟು.

ಇದನ್ನು ಸೃಷ್ಟಿಶಕ್ತಿ ಬತ್ತಿದ್ದರ ಗುರುತೆಂದು ತಿಳಿಯಬೇಕೆ? ಅಥವಾ ಕೇಳುವ ನನ್ನ ಕಿವಿ ಇನ್ನೂ ಹದವಾಗಿಲ್ಲವೆ? ನನಗೆ ಅವರ ಸಂಗೀತದ ಮೇಲೆ ತುಂಬ ಪ್ರೀತಿಯಿದೆ, ಆದ್ದರಿಂದಲೇ ಕೇಳುತ್ತಿದ್ದೇನೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಹಳೆಯ ತಟ್ಟೆ

ನೀವು ಎಲ್ಲವನ್ನೂ ವರ್ಷಾನುಕ್ರಮದಲ್ಲಿ, ಮನೆಯಲ್ಲಿ ಕುಳಿತು ಕೇಳಿದಿರಿ. ನಿಮ್ಮ ಸಂದೇಹ ಹುಟ್ಟಿರುವುದೂ ಅಲ್ಲಿಂದಲೇ. ಆ ಕಾಲದ ಶ್ರೋತೃಗಳಿಗೆ ಈ ಅನುಕೂಲವಿರಲಿಲ್ಲ. 1947ರಲ್ಲಿ ಮುದ್ರಣಗೊಂಡ ರಚನೆಗಳನ್ನು 1957ರವರೆಗೂ ಹೆಚ್ಚಿನವರು ಮಂಕ್ ಅವರ ಕೈಯಿಂದ ನೇರವಾಗಿ ಕೇಳಿರಲೇ ಇಲ್ಲ. ಆದ್ದರಿಂದ ಮೊದಲು ಅವರ ವೃತ್ತಿಜೀವನದ ಹಾದಿಯನ್ನು ಸ್ವಲ್ಪ ನೋಡುವುದು ಒಳ್ಳೆಯದು.

ಮಂಕ್ ಹುಟ್ಟಿದ್ದು 1917ರ ಅಕ್ಟೋಬರ್ 10ರಂದು, ಉತ್ತರ ಕ್ಯಾರೊಲೈನಾದ ರಾಕಿ ಮೌಂಟ್ ಎಂಬ ಊರಿನಲ್ಲಿ. 1922ರಲ್ಲಿ ತಾಯಿ ಮಕ್ಕಳನ್ನು ಕರೆದುಕೊಂಡು ನ್ಯೂಯಾರ್ಕಿಗೆ ಬಂದರು; ಮ್ಯಾನ್‌ಹಟನ್ನಿನ 63ನೆಯ ಬೀದಿಯ ಪಶ್ಚಿಮ ಭಾಗದಲ್ಲಿ ಆ ಮನೆ. ಹದಿಹರೆಯದಲ್ಲಿ ಒಬ್ಬ ಕ್ರೈಸ್ತ ಪ್ರಚಾರಕಿಯ ತಂಡದ ಜೊತೆ ಊರೂರು ಸುತ್ತಿ ನುಡಿಸಿ ಬಂದ ಅವರು, 1940ರ ದಶಕದ ಆರಂಭದಲ್ಲಿ ಹಾರ್ಲೆಮ್ಮಿನ ಮಿಂಟನ್ಸ್ ಪ್ಲೇಹೌಸ್‌ನಲ್ಲಿ ಕಾಯಂ ಪಿಯಾನೊ ವಾದಕರಾದರು. ಬೇರೆ ಕಡೆ ಕೆಲಸ ಮುಗಿಸಿದ ವಾದಕರು ತಡರಾತ್ರಿ ಅಲ್ಲಿ ಸೇರುತ್ತಿದ್ದರು. ಡ್ರಮ್ಸ್‌ನಲ್ಲಿ ಕೆನ್ನಿ ಕ್ಲಾರ್ಕ್, ಟ್ರಂಪೆಟ್ ಹಿಡಿದು ಬರುವ ಡಿಝಿ ಗಿಲೆಸ್ಪಿ. ಮುಂದೆ ಬಿಬಾಪ್ ಎಂದು ಹೆಸರಾದ ಶೈಲಿ ರೂಪುಗೊಂಡ ಜಾಗಗಳಲ್ಲಿ ಅದು ಮುಖ್ಯವಾದದ್ದು. ಗಿಲೆಸ್ಪಿ, ಚಾರ್ಲಿ ಪಾರ್ಕರ್ ಆ ಶೈಲಿಯಿಂದ ಪ್ರಸಿದ್ಧರಾದರು, ಮಂಕ್ ಆಗಲಿಲ್ಲ. 'ರೌಂಡ್ ಮಿಡ್‌ನೈಟ್' ಮೊದಲು ತಟ್ಟೆಗೆ ಬಂದದ್ದೂ 1944ರಲ್ಲಿ, ಕೂಟಿ ವಿಲಿಯಮ್ಸ್ ಅವರ ವಾದ್ಯಮೇಳದಿಂದ. ತಮ್ಮದೇ ಹೆಸರಿನಲ್ಲಿ ಮುದ್ರಿಸುವ ಅವಕಾಶ ಮಂಕ್ ಅವರಿಗೆ ಸಿಕ್ಕಿದ್ದು 1947ರ ಅಕ್ಟೋಬರ್ 15ರಂದು. ಐದು ದಿನಗಳ ಹಿಂದಷ್ಟೇ ಅವರಿಗೆ ಮೂವತ್ತು ತುಂಬಿತ್ತು. ಆ ತಟ್ಟೆಗಳು ಮಾರಾಟವಾದದ್ದು ಅಷ್ಟಕ್ಕಷ್ಟೆ.

ಇನ್ನು 1951ರ ಆಗಸ್ಟ್. ಮಂಕ್ ಮತ್ತು ಅವರ ಗೆಳೆಯ ಬಡ್ ಪವೆಲ್ ಇದ್ದ ಕಾರಿನಲ್ಲಿ ಪೊಲೀಸರಿಗೆ ಮಾದಕವಸ್ತು ಸಿಕ್ಕಿತು. ಗೆಳೆಯನ ವಿರುದ್ಧ ಸಾಕ್ಷಿ ಹೇಳಲು ಮಂಕ್ ಒಪ್ಪಲಿಲ್ಲ, ಅರವತ್ತು ದಿನ ಜೈಲಿನಲ್ಲಿ ಕಳೆದರು. ಜೈಲಿಗಿಂತ ದೊಡ್ಡ ಶಿಕ್ಷೆ ಆಮೇಲೆ ಬಂತು. ಮದ್ಯ ಮಾರುವ ಜಾಗದಲ್ಲಿ ನುಡಿಸಬೇಕಾದರೆ ನ್ಯೂಯಾರ್ಕ್ ಪೊಲೀಸರು ಕೊಡುವ ಕ್ಯಾಬರೆ ಕಾರ್ಡ್ ಎಂಬ ಪರವಾನಗಿ ಇರಲೇಬೇಕಿತ್ತು, ಅದನ್ನು ಕಿತ್ತುಕೊಂಡರು. ಜಾಝ್ ನಡೆಯುತ್ತಿದ್ದದ್ದೇ ಅಂಥ ಕ್ಲಬ್ಬುಗಳಲ್ಲಿ. ಸುಮಾರು ಆರು ವರ್ಷ ಅವರು ತಮ್ಮದೇ ಊರಿನ ಕ್ಲಬ್ಬುಗಳಲ್ಲಿ ಕಾನೂನುಬದ್ಧವಾಗಿ ನುಡಿಸುವಂತಿರಲಿಲ್ಲ. ಹೆಂಡತಿ ನೆಲ್ಲಿ ದುಡಿದು ಮನೆ ನಡೆಸಿದರು, ಮಕ್ಕಳಿಬ್ಬರೂ ಚಿಕ್ಕವರು. ಪರವಾನಗಿಯ ಈ ಪದ್ಧತಿ ರದ್ದಾದದ್ದು 1967ರಲ್ಲಿ.

ಆ ನಡುವೆ, 1955ರ ಜುಲೈನಲ್ಲಿ, ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 'ರೌಂಡ್ ಮಿಡ್‌ನೈಟ್' ನುಡಿಸಿದರು, ಪಿಯಾನೊದಲ್ಲಿ ಸ್ವತಃ ಮಂಕ್ ಇದ್ದರು. ಅಂದಿನಿಂದ ಮೈಲ್ಸ್ ಅವರ ಭಾಗ್ಯ ತೆರೆಯಿತು. ಮಂಕ್ ಅವರಿಗೆ ಅದೇ ವರ್ಷ ದೊರೆತದ್ದು ರಿವರ್‌ಸೈಡ್ ಎಂಬ ಸಣ್ಣ ಕಂಪನಿ. ಹಿಂದಿನ ಕಂಪನಿ ಪ್ರೆಸ್ಟೀಜ್‌ಗೆ ಅವರು ಕೊಡಬೇಕಾಗಿದ್ದ 108 ಡಾಲರ್ ಚಿಲ್ಲರೆ ಮುಂಗಡವನ್ನು ತೀರಿಸಿ ಅವರನ್ನು ಬಿಡಿಸಿಕೊಂಡು ಬಂದರೆಂಬುದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ. ಮಂಕ್ ಸಂಗೀತ ಕಠಿಣ ಎಂಬ ಜನರ ಅಂಜಿಕೆಯನ್ನು ಹೋಗಲಾಡಿಸಲು ಆ ಕಂಪನಿ ಮೊದಲು ಡ್ಯೂಕ್ ಎಲಿಂಗ್ಟನ್ ರಚನೆಗಳನ್ನೂ ಅನಂತರ ಎಲ್ಲರಿಗೂ ಗೊತ್ತಿದ್ದ ಹಾಡುಗಳನ್ನೂ ಅವರಿಂದ ನುಡಿಸಿತು. ಸ್ವಂತ ರಚನೆಗಳು ಬಂದದ್ದು ಮೂರನೆಯ ಆಲ್ಬಂ 'ಬ್ರಿಲಿಯಂಟ್ ಕಾರ್ನರ್ಸ್'ನಲ್ಲಿ. 1957ರಲ್ಲಿ ಕಾರ್ಡ್ ಮರಳಿ ಸಿಕ್ಕಿ, ಫೈವ್ ಸ್ಪಾಟ್ ಎಂಬ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ತಿಂಗಳುಗಟ್ಟಲೆ ನುಡಿಸತೊಡಗಿದಾಗ ಜನ ಮುಗಿಬಿದ್ದರು. ಅವರಿಗೆ ಆಗ ಮೂವತ್ತೊಂಬತ್ತು ವರ್ಷ. ಹತ್ತು ವರ್ಷ ಬಾಗಿಲಾಚೆ ನಿಂತಿದ್ದ ರಚನೆಗಳನ್ನು ಕೊನೆಗೂ ಕೇಳುವವರು ಸಿಕ್ಕಾಗ, ಅವನ್ನು ಬದಿಗಿಟ್ಟು ಬೇರೆ ಬರೆಯಿರಿ ಎಂದು ಹೇಳುವುದು ನ್ಯಾಯವೆ?

ಪಿಯಾನೊ ಕಲಿಸುವವಳು

ಹಳೆಯ ತಟ್ಟೆಯವರು ಬರೆದದ್ದು ಸರಿ. ಆದರೆ ಅದರಿಂದ ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ ಸಿಗುತ್ತದೆ. ಕಾರ್ಡ್ ಕಳೆದುಕೊಳ್ಳದಿದ್ದರೂ ಮಂಕ್ ಅವೇ ರಚನೆಗಳನ್ನೇ ನುಡಿಸುತ್ತಿದ್ದರೆಂದು ನನ್ನ ನಂಬಿಕೆ, ಏಕೆಂದರೆ ಅವರು ಸಂಗೀತ ಮಾಡುತ್ತಿದ್ದ ರೀತಿಯೇ ಅಂಥದ್ದು.

ಶಿವಮೊಗ್ಗದ ಕೇಳುಗರೇ, ನೀವು ಕರ್ನಾಟಕ ಸಂಗೀತ ಕೇಳಿದವರು. ಒಬ್ಬ ವಿದ್ವಾಂಸರು ನಲವತ್ತು ವರ್ಷ ಒಂದೇ ತೋಡಿ ಕೃತಿಯನ್ನು ಹಾಡಿದರೆ ಅವರ ಪ್ರತಿಭೆ ಬತ್ತಿತೆಂದು ನೀವು ಹೇಳುತ್ತೀರಾ? ಈ ಸಲ ನೆರವಲ್ (ಒಂದು ಸಾಲನ್ನೇ ಹಿಡಿದು ವಿಸ್ತರಿಸುವುದು) ಯಾವ ಸಾಲಿಗೆ ಕೊಟ್ಟರು, ಸ್ವರವನ್ನು ಎಲ್ಲಿಂದ ಎತ್ತಿಕೊಂಡರು ಎಂದು ಕಿವಿಗೊಡುತ್ತೀರಿ. ಮಂಕ್ ಅವರನ್ನೂ ಆ ಕಿವಿಯಿಂದಲೇ ಕೇಳಬೇಕು. ಬಿಬಾಪ್ ಕಾಲದ ಹೆಚ್ಚಿನ ವಾದಕರು ಆರಂಭದಲ್ಲಿ ರಚನೆಯನ್ನು ಒಮ್ಮೆ ನುಡಿಸಿ, ಅದನ್ನು ಅಲ್ಲೇ ಬಿಟ್ಟು, ಅದರ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ಮಾತ್ರ ಮನೋಧರ್ಮ, ಅಂದರೆ ಆಗಿಂದಾಗ ಹೊಳೆದದ್ದನ್ನು, ಬೆಳೆಸುತ್ತಿದ್ದರು. ಮಂಕ್ ಹಾಗೆ ಬಿಡುತ್ತಿರಲಿಲ್ಲ. ಅವರ ಸೋಲೊದಲ್ಲಿ (ಒಬ್ಬ ವಾದಕ ಮುಂದಾಗಿ ನುಡಿಸುವ ಭಾಗದಲ್ಲಿ) ರಚನೆಯ ಮೂಲ ಸಾಲು ಮತ್ತೆ ಮತ್ತೆ ತಲೆಯೆತ್ತುತ್ತದೆ. ಒಮ್ಮೆ ಅರ್ಧ ಮಾತ್ರ, ಒಮ್ಮೆ ನಡುವಿನ ಎರಡು ಸ್ವರ ಬಿಟ್ಟು, ಒಮ್ಮೆ ಎಡಗೈಗೆ ಇಳಿದು. 'ಎವಿಡೆನ್ಸ್' ಕೇಳಿ ನೋಡಿ. 'ಜಸ್ಟ್ ಯು, ಜಸ್ಟ್ ಮಿ' ಎಂಬ ಹಳೆಯ ಹಾಡಿನ ಕಾರ್ಡುಗಳ ಮೇಲೆ ಕಟ್ಟಿದ್ದು ಅದು. ರಾಗದ ಸಾಲೆಂಬುದೇ ಅದರಲ್ಲಿಲ್ಲ, ತಾಳ ಬೀಳುವಲ್ಲಿ ಬೀಳದೆ ಆಚೀಚೆ ಚಿಮ್ಮಿದ ಬಿಡಿ ಸ್ವರಗಳಷ್ಟೇ ಇವೆ. ಎಡುಪು, ಅಂದರೆ ಸಾಲು ತಾಳದಲ್ಲಿ ಶುರುವಾಗುವ ಜಾಗ, ಎಲ್ಲಿದೆಯೆಂದು ನೀವು ತೊಡೆಯ ಮೇಲೆ ತಾಳ ಹಾಕುತ್ತ ಹುಡುಕಬೇಕು. ಇಂಥ ರಚನೆ ಒಂದು ವರ್ಷದಲ್ಲಿ ನುಡಿಸಿ ಮುಗಿಯುವಂಥದ್ದಲ್ಲ.

ಅವರು ಕಲಿಸಿದ ರೀತಿಯೂ ನಮಗೆ ಪರಿಚಿತವಾದದ್ದೇ. 1957ರಲ್ಲಿ ಕೋಲ್ಟ್ರೇನ್ ತಾವೇ ಮಂಕ್ ಮನೆಗೆ ಹೋಗಿ, ಮಲಗಿದ್ದ ಮಂಕ್ ಅವರನ್ನು ಎಬ್ಬಿಸಿ ಪಿಯಾನೊ ಮುಂದೆ ಕೂರಿಸುತ್ತಿದ್ದರಂತೆ. ರಚನೆಗಳನ್ನು ಬರೆದಿಟ್ಟ ಹಾಳೆ ಮನೆಯಲ್ಲಿದ್ದರೂ, ನೋಡಿ ನುಡಿಸುವುದಕ್ಕಿಂತ ಕೇಳಿ ಕಲಿತರೆ ಬೇಗ ಒಳಗಿಳಿಯುತ್ತದೆಂದು ಮಂಕ್ ಒಂದೊಂದೇ ಸಾಲನ್ನು ನುಡಿಸಿ ತೋರಿಸುತ್ತಿದ್ದರು. ಗುರುಮುಖೇನ ಕಲಿಯುವುದೆಂದರೆ ಇದೇ ಅಲ್ಲವೆ? ಮುಂದೆ ಕೋಲ್ಟ್ರೇನ್ ತಾವು ಮಂಕ್ ಅವರನ್ನು ಸಂಗೀತದ ಮಹಾನ್ ವಾಸ್ತುಶಿಲ್ಪಿ ಎಂಬರ್ಥದಲ್ಲಿ ನೆನೆದರು.

ಇನ್ನು ಆ 'ತಪ್ಪು' ಸ್ವರಗಳ ವಿಚಾರ. ನನ್ನ ವಿದ್ಯಾರ್ಥಿಗಳು ಮಂಕ್ ಕೇಳಿದೊಡನೆ ಬೆರಳು ಜಾರಿತೆಂದು ತಿಳಿಯುತ್ತಾರೆ. ಆಗ ನಾನು ಒಂದು ಕೆಲಸ ಹೇಳುತ್ತೇನೆ: ಪಕ್ಕಪಕ್ಕದ ಎರಡು ಕೀಗಳನ್ನು, ಮಿ ಮತ್ತು ಫಾ ಎಂದಿಟ್ಟುಕೊಳ್ಳಿ, ಒಟ್ಟಿಗೆ ಗಟ್ಟಿಯಾಗಿ ಒತ್ತಿ, ಮರುಕ್ಷಣವೇ ಒಂದರಿಂದ ಬೆರಳು ತೆಗೆಯಿರಿ, ಇನ್ನೊಂದನ್ನು ಹಿಡಿದೇ ಇರಿ. ಮೊದಲು ಕಚ್ಚಾಡುವ ಎರಡು ಸ್ವರ ಕೇಳುತ್ತದೆ, ಅದರೊಳಗಿಂದ ಒಂದು ಸ್ವರ ಬಾಗಿ ಹೊರಬಂದಂತೆ ಕೇಳುತ್ತದೆ. ಪಿಯಾನೊದಲ್ಲಿ ಗಮಕವಿಲ್ಲ, ಹಾರ್ಮೋನಿಯಂಗೆ ಇರುವ ಕೊರತೆಯೇ ಅದಕ್ಕೂ ಇದೆ. ಎರಡು ಕೀಗಳ ನಡುವಿನ ಬಿರುಕಿನಲ್ಲಿರುವ ಸ್ವರವನ್ನು ಮಂಕ್ ಈ ಉಪಾಯದಿಂದ ಹೊರಗೆಳೆದರು. ಬೆರಳುಗಳನ್ನು ಬಾಗಿಸದೆ ಚಪ್ಪಟೆಯಾಗಿ ಚಾಚಿ ನುಡಿಸುತ್ತಿದ್ದುದರಿಂದ ಆ ಹೊಡೆತಕ್ಕೆ ಒಂದು ವಿಶೇಷ ನಾದವಿತ್ತು. ಅದು ಅಭ್ಯಾಸದ ಕೊರತೆಯಲ್ಲ ಎಂಬುದಕ್ಕೆ ಎಡಗೈ ಸಾಕ್ಷಿ: ಹಾರ್ಲೆಮ್ಮಿನ ಹಳಬರ ಸ್ಟ್ರೈಡ್ ಶೈಲಿ, ಕೆಳಗಿನ ಸ್ವರಕ್ಕೂ ಮೇಲಿನ ಕಾರ್ಡಿಗೂ ಲಯ ತಪ್ಪದೆ ಜಿಗಿಯುವ ಆ ಕಷ್ಟದ ಕೈಚಳಕ, ಅವರ ಒಂಟಿ ಪಿಯಾನೊ ಆಲ್ಬಂಗಳಲ್ಲಿ ನಿಚ್ಚಳವಾಗಿ ಕೇಳಿಸುತ್ತದೆ.

ಒಂದು ಸಲಹೆ. 1957ರ ಏಪ್ರಿಲ್‌ನಲ್ಲಿ ಮುದ್ರಣವಾದ 'ಥೆಲೋನಿಯಸ್ ಹಿಮ್‌ಸೆಲ್ಫ್' ಆಲ್ಬಂನ ಮರುಮುದ್ರಣದಲ್ಲಿ ಸುಮಾರು 22 ನಿಮಿಷಗಳ ಒಂದು ತುಣುಕಿದೆ. ಸ್ಟುಡಿಯೋದಲ್ಲಿ ಒಬ್ಬರೇ ಕುಳಿತು 'ರೌಂಡ್ ಮಿಡ್‌ನೈಟ್' ರಚನೆಯನ್ನು ನುಡಿಸಿ, ನಿಲ್ಲಿಸಿ, ಮತ್ತೆ ಎತ್ತಿಕೊಳ್ಳುವುದು ಅದರಲ್ಲಿ ಮುದ್ರಣವಾಗಿದೆ. ಅದನ್ನು ಕೇಳಿದ ಮೇಲೆ ನಿಮ್ಮ ಅಭಿಪ್ರಾಯ ತಿಳಿಸಿ.

ಇಳಿಹೊತ್ತು

ಮೇಲಿನ ಇಬ್ಬರ ಮಾತುಗಳನ್ನೂ ಗೌರವದಿಂದ ಓದಿದೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಲೇಬೇಕು, ಏಕೆಂದರೆ ಪ್ರಶ್ನೆ ಕೇಳಿದವರ ಕಿವಿ ಪೂರ್ತಿ ಮೋಸ ಹೋಗಿಲ್ಲ.

ಕೃತಿಯ ಹೋಲಿಕೆ ಸೊಗಸಾಗಿದೆ, ಆದರೆ ಕಚೇರಿಯ ಕಟ್ಟಡ ಬೇರೆ. 1960ರ ದಶಕದ ಮಂಕ್ ಕ್ವಾರ್ಟೆಟ್ (ನಾಲ್ವರ ತಂಡ) ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ನುಡಿಸಿತು: ರಚನೆ, ಸ್ಯಾಕ್ಸೊಫೋನ್ ಸೋಲೊ, ಪಿಯಾನೊ ಸೋಲೊ, ಬಾಸ್, ಡ್ರಮ್ಸ್, ಮತ್ತೆ ರಚನೆ. ಸ್ಯಾಕ್ಸೊಫೋನ್ ವಾದಕ ಚಾರ್ಲಿ ರೌಸ್ 1959ರಿಂದ 1970ರವರೆಗೆ ಅವರ ಜೊತೆಗಿದ್ದರು. ರೌಸ್ ಆ ಸಂಗೀತವನ್ನು ಒಳಗಿನಿಂದ ಬಲ್ಲವರು, ಅವರನ್ನು ಕೀಳಾಗಿ ಕಾಣುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಆದರೆ 'ಬ್ರಿಲಿಯಂಟ್ ಕಾರ್ನರ್ಸ್' ಮುದ್ರಣದ ದಿನ ನಡೆದದ್ದನ್ನು ನೆನೆಸಿಕೊಳ್ಳಿ. ಆ ಶೀರ್ಷಿಕೆಯ ರಚನೆ ಇಪ್ಪತ್ತೆರಡು ಬಾರ್‌ಗಳ (ತಾಳದ ಆವರ್ತಗಳ) ವಿಚಿತ್ರ ಅಳತೆಯದು, ನಿಧಾನವಾಗಿ ಒಮ್ಮೆ, ಇಮ್ಮಡಿ ಕಾಲದಲ್ಲಿ ಮತ್ತೊಮ್ಮೆ ಬರುತ್ತದೆ. ಸಾನಿ ರಾಲಿನ್ಸ್, ಮ್ಯಾಕ್ಸ್ ರೋಚ್, ಆಸ್ಕರ್ ಪೆಟಿಫೋರ್ಡ್‌ರಂಥ ಘಟಾನುಘಟಿಗಳು ಇಪ್ಪತ್ತೈದು ಸಲ ಪ್ರಯತ್ನಿಸಿದರೂ ಒಮ್ಮೆಯೂ ಪೂರ್ತಿ ನುಡಿಸಿ ಮುಗಿಸಲಾಗಲಿಲ್ಲ; ಕೊನೆಗೆ ಟೇಪಿನ ತುಣುಕುಗಳನ್ನು ಜೋಡಿಸಿ ಆಲ್ಬಂಗೆ ಹಾಕಿದರು. ಆ ಜೋಡಣೆಯಲ್ಲೂ ವಾದಕರೆಲ್ಲ ತುದಿಗಾಲಲ್ಲಿ ನಿಂತಿರುವುದು ಕೇಳುತ್ತದೆ. ಹತ್ತು ವರ್ಷಗಳ ಬಳಿಕ ಎಲ್ಲರಿಗೂ ಎಲ್ಲವೂ ಬಾಯಿಪಾಠವಾಗಿತ್ತು. ಆ ಅಪಾಯ ಕಡಿಮೆಯಾದದ್ದು ನಿಜ, ಅದನ್ನು ನಷ್ಟವೆಂದೇ ನಾನು ಎಣಿಸುತ್ತೇನೆ.

ಕೀರ್ತಿಯ ಭಾರವೂ ಇತ್ತು. 1964ರ ಫೆಬ್ರವರಿ 28ರ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಅದಕ್ಕೆ ಮೊದಲು ಆ ಗೌರವ ಪಡೆದ ಜಾಝ್ ಕಲಾವಿದರೆಂದರೆ ಆರ್ಮ್‌ಸ್ಟ್ರಾಂಗ್, ಬ್ರೂಬೆಕ್, ಎಲಿಂಗ್ಟನ್ ಮಾತ್ರ. ಅದಾದ ಮೇಲೆ ದೇಶ ದೇಶ ಸುತ್ತಿದ ಪ್ರವಾಸಗಳು, ಜನರು ಬಯಸಿ ಬರುತ್ತಿದ್ದ ಅವೇ ಹೆಸರಾಂತ ರಚನೆಗಳು. ಜೊತೆಗೆ ಮಾನಸಿಕ ಅಸ್ವಾಸ್ಥ್ಯ ಆಗಾಗ ಮರುಕಳಿಸಿ ಆಸ್ಪತ್ರೆ ಸೇರಬೇಕಾಗುತ್ತಿತ್ತು. ಇದನ್ನು ಬರೆಯುವಾಗ ನನ್ನ ಮನಸ್ಸಿಗೆ ನೋವಾಗುತ್ತದೆ, ಏಕೆಂದರೆ ಅವರ ನಡವಳಿಕೆಯನ್ನು, ಪಿಯಾನೊ ಬಿಟ್ಟೆದ್ದು ವೇದಿಕೆಯ ಮೇಲೆ ಸುತ್ತುತ್ತ ಕುಣಿಯುವುದನ್ನು, ವಿಧವಿಧದ ಟೋಪಿಗಳನ್ನು ಬಹಳ ಮಂದಿ ವಿನೋದವೆಂದು ನೋಡಿದರು. ಆ ಕುಣಿತದಲ್ಲಿ ಅವರು ತಂಡದ ಲಯವನ್ನು ಮೈಯಿಂದಲೇ ಅಳೆಯುತ್ತಿದ್ದರೆಂದು ನನಗೆ ಅನಿಸುತ್ತದೆ.

ಸೃಷ್ಟಿ ಬತ್ತಿತ್ತೇ ಎಂಬುದಕ್ಕೆ ಮಾತ್ರ ನನ್ನ ಉತ್ತರ ಇಲ್ಲವೆಂದೇ. 1968ರಲ್ಲಿ ಬಂದ 'ಅಂಡರ್‌ಗ್ರೌಂಡ್' ಆಲ್ಬಂನಲ್ಲಿ 'ಅಗ್ಲಿ ಬ್ಯೂಟಿ', 'ಗ್ರೀನ್ ಚಿಮ್ನೀಸ್', 'ಬೂ ಬೂಸ್ ಬರ್ತ್‌ಡೇ' ಮೊದಲಾದ ಹೊಸ ರಚನೆಗಳಿವೆ. 'ಅಗ್ಲಿ ಬ್ಯೂಟಿ' ಅವರು ಮಾಡಿದ ಒಂದೇ ಒಂದು ವಾಲ್ಟ್ಸ್. ಐವತ್ತು ತುಂಬಿದ ಮೇಲೆ ಅವರು ಸ್ವಂತ ರಚನೆಗಳಲ್ಲಿ ಹಿಂದೆಂದೂ ಬಳಸದ ತ್ರಿಮಾತ್ರೆಯ ನಡೆಗೆ ಕೈಯಿಟ್ಟರು. ಅದಾದ ಬಳಿಕ ಕಂಪನಿ ಅವರನ್ನು ದೊಡ್ಡ ವಾದ್ಯಮೇಳದ ಮುಂದೆ ಕೂರಿಸಿ 'ಮಂಕ್ಸ್ ಬ್ಲೂಸ್' ಮಾಡಿಸಿತು, ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ಇನ್ನೊಂದು ಮಾತು, ಪಿಯಾನೊ ಕಲಿಸುವ ಮೇಡಂ ಅವರಿಗೆ. 'ಕ್ರೆಪಸ್ಕ್ಯೂಲ್ ವಿತ್ ನೆಲ್ಲಿ' ನಿಮ್ಮ ಹೋಲಿಕೆಗೆ ಒಗ್ಗುವುದಿಲ್ಲ. 1957ರಲ್ಲಿ ಹೆಂಡತಿಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಗುವ ಹೊತ್ತಿನಲ್ಲಿ ಆತಂಕದಿಂದ ಬರೆದ ರಚನೆ ಅದು. ಅದರಲ್ಲಿ ಯಾರ ಸೋಲೊವೂ ಇಲ್ಲ, ಬರೆದದ್ದನ್ನು ಬರೆದಂತೆಯೇ ನುಡಿಸಿ ಮುಗಿಸುತ್ತಿದ್ದರು. ಅಲ್ಲಿ ಮನೋಧರ್ಮದ ನೆಪವಿಲ್ಲದೆಯೂ ಅವರು ಅದನ್ನು ಕೊನೆಯವರೆಗೆ ಮತ್ತೆ ಮತ್ತೆ ನುಡಿಸಿದರು.

ಪಿಯಾನೊ ಕಲಿಸುವವಳು

ಇಳಿಹೊತ್ತು ಅವರೇ, 'ಕ್ರೆಪಸ್ಕ್ಯೂಲ್' ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ನನ್ನ ಹೋಲಿಕೆ ಅಲ್ಲಿ ನಿಲ್ಲುವುದಿಲ್ಲ. ಅದು ನನಗೆ ದಿನವೂ ದೀಪ ಹಚ್ಚುವಾಗ ಹೇಳುವ ಒಂದೇ ಶ್ಲೋಕದಂತೆ ಕೇಳುತ್ತದೆ. ಅಚ್ಚಿನ ಬಗ್ಗೆ ನೀವು ಹೇಳಿದ್ದೂ ಸರಿ. ಆದರೆ ಆ ಅಚ್ಚಿನೊಳಗೆ ಪಿಯಾನೊ ಸುಮ್ಮನಾಗುವ ಜಾಗಗಳನ್ನು ಗಮನಿಸಿ. ರೌಸ್ ಸೋಲೊ ನಡೆಯುವಾಗ ಮಂಕ್ ಕೈಯೆತ್ತಿ ಸುಮ್ಮನೆ ಕುಳಿತುಬಿಡುತ್ತಾರೆ, ಒಂದೊಂದು ರಾತ್ರಿ ಒಂದೊಂದು ಕಡೆ. ನಾನು ಅದನ್ನೇ ಕೇಳಲು ಹೋಗುತ್ತೇನೆ.

ಶಿವಮೊಗ್ಗದ ಕೇಳುಗ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಆ 22 ನಿಮಿಷಗಳ ತುಣುಕನ್ನು ಎರಡು ಸಲ ಕೇಳಿದೆ. ಕನಿಷ್ಠ ಹದಿಮೂರು ವರ್ಷಗಳಿಂದ ತಮ್ಮದೇ ಆಗಿದ್ದ, ಅಷ್ಟರಲ್ಲಿ ಜಗತ್ತಿಗೆಲ್ಲ ಗೊತ್ತಾಗಿದ್ದ ರಚನೆಯನ್ನು ಅವರು ಮೊದಲ ಸಲ ಕಂಡವರಂತೆ ತಡವರಿಸಿ ತಡಕಾಡುತ್ತಾರೆ. ಒಂದು ಕಾರ್ಡ್ ಒತ್ತಿ, ಅದು ಪೂರ್ತಿ ಆರುವವರೆಗೆ ಕಾದು, ಬೇಡವೆಂದು ಅದರಲ್ಲೇ ಒಂದು ಸ್ವರ ಬದಲಿಸಿ ಮತ್ತೆ ಒತ್ತುತ್ತಾರೆ. ನಮ್ಮ ತಾಯಿಯವರು ಬೆಳಗಿನ ಜಾವ ತಂಬೂರಿಯ ಶ್ರುತಿ ಕೂಡಿಸುವಾಗ ನಾವು ಮಕ್ಕಳು ಉಸಿರಾಡದೆ ಕಾಯುತ್ತಿದ್ದದ್ದು ನೆನಪಾಯಿತು. ಇದನ್ನು ಪುನರಾವರ್ತನೆ ಎಂದು ಕರೆದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಇಳಿಹೊತ್ತು ಅವರು ಹೇಳಿದ ಆ ಅಚ್ಚು ಕೊಲಂಬಿಯಾದ ನೇರ ಮುದ್ರಣಗಳಲ್ಲಿ ನನಗೂ ಕೇಳಿಸುತ್ತಿದೆ, ಅದನ್ನು ಇಲ್ಲವೆನ್ನಲಾರೆ. 1968ರ ಆಚೆಗೆ ಏನನ್ನು ಕೇಳಲಿ?

ಹಳೆಯ ತಟ್ಟೆ

ಆಚೆಗೆ ಹೆಚ್ಚೇನೂ ಇಲ್ಲ. 1971ರಲ್ಲಿ ಗಿಲೆಸ್ಪಿ ಮೊದಲಾದ ಹಳೆಯ ಗೆಳೆಯರ ಜೊತೆ 'ಜಯಂಟ್ಸ್ ಆಫ್ ಜಾಝ್' ಎಂಬ ತಂಡದಲ್ಲಿ ಪ್ರವಾಸ ಹೋದರು. ಆ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಬ್ಲ್ಯಾಕ್ ಲಯನ್ ಕಂಪನಿಗಾಗಿ ಒಂದು ದಿನ ಕುಳಿತು ನುಡಿಸಿದ್ದೇ ಅವರ ಹೆಸರಿನ ಕೊನೆಯ ಸ್ಟುಡಿಯೋ ಮುದ್ರಣ. 1976ರ ಬಳಿಕ ವೇದಿಕೆ ಹತ್ತಲಿಲ್ಲ. ಬಹುಕಾಲದ ಗೆಳತಿ, ಪೋಷಕಿ ಪನೋನಿಕಾ ಅವರ ನ್ಯೂಜೆರ್ಸಿಯ ವೀಹಾಕೆನ್ ಮನೆಯಲ್ಲಿ ಕೊನೆಯ ವರ್ಷಗಳನ್ನು ಕಳೆದರು. ಕೋಣೆಯಲ್ಲಿ ಪಿಯಾನೊ ಇದ್ದರೂ ಅದರ ಹತ್ತಿರ ಹೋಗಲು ಮನಸ್ಸು ಮಾಡುತ್ತಿರಲಿಲ್ಲ. 1982ರ ಫೆಬ್ರವರಿ 17ರಂದು ತೀರಿಕೊಂಡರು. ಪುಲಿಟ್ಜರ್ ಸಮಿತಿಯ ವಿಶೇಷ ಗೌರವ ಬಂದದ್ದು 2006ರಲ್ಲಿ.

ಲಂಡನ್ ಮುದ್ರಣದಲ್ಲಿ 'ರೂಬಿ, ಮೈ ಡಿಯರ್' ಇದೆ. ಡ್ರಮ್ಸ್‌ನಲ್ಲಿ ಆರ್ಟ್ ಬ್ಲೇಕಿ ಇದ್ದಾರೆ. 1947ರ ಅಕ್ಟೋಬರ್‌ನಲ್ಲಿ ಅದೇ ರಚನೆಯನ್ನು ಬ್ಲೂ ನೋಟ್‌ಗೆ ಮೊದಲ ಬಾರಿ ನುಡಿಸಿದಾಗಲೂ ಡ್ರಮ್ಸ್‌ನಲ್ಲಿದ್ದವರು ಅವರೇ. ಇಪ್ಪತ್ತನಾಲ್ಕು ವರ್ಷ, ಅದೇ ರಚನೆ, ಅದೇ ಇಬ್ಬರು. ಎರಡನ್ನೂ ಒಂದೇ ಕೂರಿಕೆಯಲ್ಲಿ ಕೇಳಿ. ಆದರೆ ನಿಮ್ಮ ವರ್ಷಾನುಕ್ರಮವನ್ನು ಈ ಒಂದು ಸಲ ಬದಿಗಿಟ್ಟು, 1971ರದನ್ನು ಮೊದಲು ಹಾಕಿ.